ಬಾವಿ ಪಕ್ಕದ ಶುಂಠಿ

ಮೇ 12, ಭಾನುವಾರ

ಕೆ.ಆರ್. ನಗರದ ತವರಿನಿಂದ ಮಗುವನ್ನು ಕರೆದುಕೊಂಡು ಪಿರಿಯಾಪಟ್ಟಣದ ಈ ಹಳ್ಳಿ ಮನೆಗೆ ಬಂದೆವು. ಬಾಣಂತನ ಮುಗಿಯಿತು ಎಂದು ಎಲ್ಲರೂ ಹೇಳುತ್ತಿದ್ದಾರೆ. ನನಗೆ ಯಾವುದೂ ಮುಗಿದಂತಿಲ್ಲ. ಬೃಂದಾಗೆ ನಾಲ್ಕು ತಿಂಗಳು. ಹುಟ್ಟಿದ ಮೇಲೆ ಮೊದಲ ಕೆಲವು ವಾರ ಮೈಸೂರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಇದ್ದಳು. ರಕ್ತಕ್ಕೆ ಸೋಂಕು ಎಂದರು. ಎಲ್ಲಿಂದ ಬಂತು ಎಂದು ಕೇಳಿದೆ. "ಎಲ್ಲಿಂದ ಬೇಕಾದರೂ ಬರಬಹುದಮ್ಮ" ಎಂದರು ಡಾಕ್ಟರು. ಸಮಾಧಾನ ಹೇಳಲೆಂದೇ ಆಡಿದ ಮಾತು ಅದು. ಅವತ್ತಿನಿಂದ ನನಗೆ ನಿದ್ದೆ ಇಲ್ಲ.

ಕಾರಿನಿಂದ ಇಳಿಯುವಾಗಲೇ ಕೊಟ್ಟಿಗೆಯ ವಾಸನೆ ಬಂತು. ಹೆರಿಗೆಗೆ ಹೋಗುವ ಮುಂಚೆ ಎರಡು ವರ್ಷ ಇದೇ ಮನೆಯಲ್ಲಿ ಇದ್ದವಳು ನಾನು. ಆಗ ಅದು ವಾಸನೆ ಎಂದೇ ಅನ್ನಿಸಿರಲಿಲ್ಲ. ಅತ್ತೆ ಕೈ ತೊಳೆದುಕೊಂಡೇ ಓಡಿ ಬಂದರು. ಆದರೂ ಉಗುರಿನ ಸಂದಿಯಲ್ಲಿ ಹಸಿರು ಗೆರೆ. ಸಗಣಿ. ಮಗುವನ್ನು ಕೊಡಲಿಲ್ಲ. "ಹಾಲು ಕುಡಿಯೋ ಹೊತ್ತು ಅತ್ತೆ" ಎಂದೆ. ಹೊತ್ತಾಗಿರಲಿಲ್ಲ. ಅದು ಅವರಿಗೂ ಗೊತ್ತಾಯಿತು.

"ಬುಡವ್ವ, ಕೂಸೆಲ್ಲೋಯ್ತದೆ, ಇಲ್ಲೇ ಇರ್ತದಲ್ಲ" ಎಂದು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು.

ಕೋಣೆಯ ಕಿಟಕಿ ಮುಚ್ಚಿಸಿದ್ದೇನೆ. ಮಗುವಿನ ಬಟ್ಟೆಗೆ ಬೇರೆ ಬಕೆಟ್ಟು, ಅದಕ್ಕೆ ಡೆಟಾಲ್ ನೀರು. ನೆಲ ಒರೆಸುವುದಕ್ಕೂ ಡೆಟಾಲ್ ನೀರು. ಮನೆಯವರಿಗೆಲ್ಲ ಹೇಳಿಯಾಗಿದೆ. ಪ್ರಸಾದ್ ತಲೆ ಆಡಿಸಿದರು. ಯಾವುದಕ್ಕೆ ಬೇಕಾದರೂ ತಲೆ ಆಡಿಸುವ ಗಂಡ ಸಿಕ್ಕಿದ್ದಾರೆ.

ಮೇ 15, ಬುಧವಾರ

ಊಟಕ್ಕೆ ಕುಳಿತಾಗ ಮಾವ ಹೊಲದ ಮಾತೆತ್ತಿದರು. ಹೋದ ವರ್ಷ ಹಾಕಿದ್ದ ಶುಂಠಿಯೆಲ್ಲ ಕೊಳೆತು ಹೋಗಿತ್ತು. ಎಲೆ ತುದಿಯಿಂದ ಹಳದಿಯಾಗಿ, ಬುಡ ನೀರುನೀರಾಗಿ, ಮುಟ್ಟಿದರೆ ಗಿಡ ಕೈಗೇ ಬರುತ್ತಿತ್ತು. ಈ ವರ್ಷ ಜಾಗ ಬದಲಾಯಿಸಿ ಎರಡು ಹೊಲಕ್ಕೆ ಹಾಕಿದ್ದಾರೆ. ಒಂದು ಮೇಲಿನ ಹೊಲ, ಇನ್ನೊಂದು ಅದರ ಕೆಳಗೆ ಬಾವಿ ಪಕ್ಕದ್ದು. ಎರಡಕ್ಕೂ ಈ ಸಲ ಮೊದಲಿಂದಲೇ ಔಷಧಿ ಹುಯ್ಯುತ್ತಾರಂತೆ. ಅದಕ್ಕೂ ಜಗ್ಗದಿದ್ದರೆ ಬರುವ ವರ್ಷದಿಂದ ಎರಡನ್ನೂ ಶುಂಠಿ ಬೆಳೆಯಲು ಹೊಲ ಹುಡುಕಿಕೊಂಡು ಬರುವ ವಯನಾಡಿನವರಿಗೆ ಗುತ್ತಿಗೆಗೆ ಕೊಟ್ಟು ಸುಮ್ಮನಿರುತ್ತಾರಂತೆ.

ನನ್ನ ಕಿವಿ 'ಬಾವಿ ಪಕ್ಕದ್ದು' ಎಂಬಲ್ಲೇ ನಿಂತಿತ್ತು. ನಾವು ಕುಡಿಯುವುದು ಆ ಬಾವಿಯ ನೀರನ್ನು. ಹೋದ ವರ್ಷ ಡ್ರಮ್ಮಿನಲ್ಲಿ ಕಲಸಿದ ಔಷಧಿಯ ಬಣ್ಣ ನನಗೆ ನೆನಪಿದೆ. ಇನ್ನೆರಡು ತಿಂಗಳಿಗೆ ಬೃಂದಾಗೆ ರಾಗಿ ಸರಿ ಶುರು ಮಾಡಬೇಕು, ಅದೇ ನೀರಿನಲ್ಲಿ. ಕುದಿಸಿದರೆ ಕ್ರಿಮಿ ಸಾಯುತ್ತದೆ. ಔಷಧಿ ಎಲ್ಲಿ ಹೋಗುತ್ತದೆ?

"ಮಾವ, ಕೆಳಗಿನ ಹೊಲಕ್ಕೆ ಔಷಧಿ ಬೇಡ. ಗೊಬ್ಬರದಲ್ಲೇ ಮಾಡಿ ನೋಡೋಣ" ಎಂದೆ. ಕೊಳೆ ತರುವುದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರದಂಥ ಜೀವಿ, ಅದನ್ನು ಹಿಡಿದು ತಿನ್ನುವ ಇನ್ನೊಂದು ಶಿಲೀಂಧ್ರ ಇದೆ, ಟ್ರೈಕೋಡರ್ಮ ಅಂತ, ಚೆನ್ನಾಗಿ ಮಾಗಿದ ಗೊಬ್ಬರದಲ್ಲಿ ಬೆಳೆಸಿ ಬುಡಕ್ಕೆ ಹಾಕಿದರೆ ಬೇರಿನ ಸುತ್ತ ಅದೇ ಜಾಗ ಹಿಡಿಯುತ್ತದೆ, ಎಂದು ವಿವರಿಸಿದೆ. ಬಿ.ಎಸ್ಸಿ.ಯಲ್ಲಿ ಮೈಕ್ರೋಬಯಾಲಜಿ ಓದಿದ್ದು ಈ ಮನೆಯಲ್ಲಿ ಮೊದಲ ಸಲ ಬಾಯಿಗೆ ಬಂತು.

ಮಾವ ಮಜ್ಜಿಗೆ ಕಲಸಿಕೊಳ್ಳುತ್ತ ಅತ್ತೆಗೆ ಹೇಳಿದರು: "ಕೇಳುಸ್ಕೊಂಡ್ಯಾ? ನಿನ್ ಸೊಸೆ ಬೂಷ್ಟು ತಂದು ಬೂಷ್ಟು ಓಡಿಸ್ತಾಳಂತೆ."

"ಒಂದ್ ಹೊಲ ತಾನೆ ಅಪ್ಪಾಜಿ, ನೋಡನ" ಎಂದರು ಪ್ರಸಾದ್. ತಲೆ ಆಡಿಸುವುದು ಬಿಟ್ಟು ಬಾಯಿ ಬಿಟ್ಟಿದ್ದಕ್ಕೆ ನನಗೇ ಆಶ್ಚರ್ಯ.

"ಆಯ್ತು ಕಣವ್ವ, ಕೆಳಗಿಂದು ನಿಂದು" ಎಂದರು ಮಾವ. "ಕೊಳೆ ಬಂತು ಅಂದ್ರೆ ಔಷ್ದಿನೂ ಉಯ್ತೀನಿ, ಗುತ್ಗೆಗೂ ಬುಡ್ತೀನಿ. ಆಮೇಲೆ ಬಾವಿ ಗೀವಿ ಅಂತ ಬರಂಗಿಲ್ಲ."

ಒಪ್ಪಿಕೊಂಡುಬಿಟ್ಟೆ. ಪುಸ್ತಕದಲ್ಲಿ ಓದಿದ್ದು, ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ನೋಡಿದ್ದು. ಹೊಲದಲ್ಲಿ ಯಾವತ್ತು ಮಾಡಿದ್ದೇನೆ?

ಮೇ 19, ಭಾನುವಾರ

ಪ್ರಸಾದ್ ಹುಣಸೂರಿನಿಂದ ಟ್ರೈಕೋಡರ್ಮ ಪುಡಿ ತಂದರು. ಬಚ್ಚಲ ಹಿಂದೆ ಹಲಸಿನ ಮರದ ನೆರಳಲ್ಲಿ ಗುಡ್ಡೆ ಹಾಕಿಸಿದೆ. ಹಳೆಯ ಸಗಣಿ ಗೊಬ್ಬರ, ರಾಗಿ ಹುಲ್ಲು, ಕತ್ತರಿಸಿದ ಜೋಳದ ಕಡ್ಡಿ, ಬೇವಿನ ಹಿಂಡಿ, ನಡುವೆ ಆ ಪುಡಿ. ನಾನು ಜಗುಲಿಯ ಮೇಲೇ ನಿಂತು ಹೇಳಿದೆ. ಮಾಸ್ಕ್ ಹಾಕಿಕೊಂಡಿದ್ದೆ, ಗ್ಲೌಸು ಕೂಡ.

ನಮ್ಮ ಮನೆಗೆ ಕೂಲಿಗೆ ಬರುವ ಮರಮ್ಮ ಸೊಂಟದ ಮೇಲೆ ಕೈ ಇಟ್ಟು ನೋಡಿದಳು. "ಇದ್ಯಾಕವ್ವ, ಕರೋನ ಮತ್ತೆ ಬಂತಾ?"

"ಮಗು ಇದೆಯಲ್ಲ ಮರಮ್ಮ."

"ನಂಗೂ ಐದವೆ ಕಣವ್ವ. ಒಂದೂ ನನ್ ಮೋರೆ ನೋಡಿ ಎದ್ರುಕೊಳ್ಳಿಲ್ಲ."

ಮೇಲೆ ಗೋಣಿಚೀಲ ಹೊದಿಸಿದರು. "ತೇವ ಆರಬಾರದು ಅತ್ತೆ, ದಿನಾ ಒಂದು ಬಕೆಟ್ ನೀರು ಚಿಮುಕಿಸಬೇಕು" ಎಂದೆ. "ಅದ ನಂಗ್ ಬುಡು" ಎಂದರು. ಅಷ್ಟು ಖುಷಿಯಿಂದ ಹೇಳಿದರು. ಅವರ ಕೈಗೆ ನಾನು ಕೊಟ್ಟ ಮೊದಲ ಕೆಲಸ ಅದು ಎಂದು ಆಮೇಲೆ ಹೊಳೆಯಿತು.

ಮೊಣಕೈವರೆಗೆ ತೊಳೆದುಕೊಂಡೆ. ಬೆರಳ ಗೆಣ್ಣುಗಳಲ್ಲಿ ಚರ್ಮ ಬಿರಿದಿದೆ. ಉರಿಯುತ್ತದೆ. ಉರಿದರೆ ಸ್ವಚ್ಛವಾಗಿದೆ ಅನ್ನಿಸುತ್ತದೆ.

ಮೇ 27, ಸೋಮವಾರ

ಮಗುವಿನ ಮೈ ಬಿಸಿ. ಥರ್ಮಾಮೀಟರು ಜ್ವರ ಇಲ್ಲ ಅನ್ನುತ್ತದೆ. ಮತ್ತೆ ಇಟ್ಟೆ. ಇಲ್ಲ. ಥರ್ಮಾಮೀಟರೇ ಕೆಟ್ಟಿರಬಹುದು ಎಂದು ನನ್ನ ಬಾಯಿಗೆ ಇಟ್ಟುಕೊಂಡೆ, ಪ್ರಸಾದ್ ಬಾಯಿಗೂ ಇಟ್ಟೆ.

"ಕಿಟ್ಕಿ ತೆಗಿ ಮಧು, ಸೆಕೆಗೆ ಬಿಸಿಯಾಗದೆ ಇನ್ನೇನು?" ಎಂದರು.

"ನೊಣ ಬರುತ್ತೆ."

"ನೊಣ ಬಂದ್ರೆ ಓಗ್ತದೆ. ನೀನ್ ವಸಿ ಮಲಿಕ್ಕೊ."

ಮಲಗಲಿಲ್ಲ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತ ಕೂತಿದ್ದೆ. ಉಸಿರು ತಾಗುವುದೂ ತಾಗದಿರುವುದೂ ನನ್ನ ಬೆರಳಿಗೆ ಗೊತ್ತಾಗುತ್ತದಾ ಎನ್ನುವುದೇ ಅನುಮಾನವಾಯಿತು.

ಮೇ 28

ಜ್ವರ ಇಲ್ಲ.

ಜೂನ್ 4, ಮಂಗಳವಾರ

ಎಲೆಕ್ಷನ್ ರಿಸಲ್ಟು. ಮಾವ ಬೆಳಗಿನಿಂದ ಟಿ.ವಿ. ಮುಂದೆ. ಮನೆಯಲ್ಲಿ ಯಾರೂ ನನ್ನ ಕಡೆ ನೋಡುತ್ತಿಲ್ಲ ಎಂದು ಗುಡ್ಡೆಯ ಹತ್ತಿರ ಹೋದೆ. ಇಷ್ಟು ಹೊತ್ತಿಗೆ ಗೋಣಿಯ ಕೆಳಗೆ ಬಿಳಿ ನೂಲು ಹರಡಿ, ಅದರ ಮೇಲೆ ಹಸಿರು ಪುಡಿ ಕಟ್ಟಿರಬೇಕಿತ್ತು. ಏನೂ ಇಲ್ಲ. ಕಡ್ಡಿ ಚುಚ್ಚಿ ತೆಗೆದೆ. ಒಳಗೆ ತಣ್ಣಗೆ. ರಾಗಿ ಹುಲ್ಲು ಹಾಕಿದ ದಿನ ಹೇಗಿತ್ತೋ ಹಾಗೇ ಇದೆ, ನೆನೆದಿದೆ ಅಷ್ಟೆ.

ಬಗ್ಗಿ ಮೂಸಿದೆ. ಮಾಗುವ ಗೊಬ್ಬರಕ್ಕೆ ಹೊಸ ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ಇದಕ್ಕೆ ಆಸ್ಪತ್ರೆಯ ವಾಸನೆ. ಗಾಜಿನ ಪೆಟ್ಟಿಗೆಗಳ ಆ ಕೋಣೆಯ ವಾಸನೆ. ಕಡ್ಡಿ ಅಲ್ಲೇ ಎಸೆದು ಒಳಗೆ ಓಡಿ ಬಂದು ಮಗುವನ್ನು ಎತ್ತಿಕೊಂಡೆ. ಅವಳು ನಿದ್ದೆಯಲ್ಲಿದ್ದಳು. ಎಬ್ಬಿಸಿ ಅಳಿಸಿದ್ದಾಯಿತು.

ನನಗೆ ತಲೆ ಕೆಡುತ್ತಿದೆಯಾ? ಎಲ್ಲದರಲ್ಲೂ ಆ ಕೋಣೆಯೇ ಮೂಗಿಗೆ ಬರುತ್ತಿದೆಯಾ?

ಜೂನ್ 5, ಬುಧವಾರ

ತಲೆ ಕೆಟ್ಟಿಲ್ಲ. ಅದಕ್ಕಿಂತ ಕೆಟ್ಟದ್ದು.

ಬೆಳಿಗ್ಗೆ ಬಚ್ಚಲ ಕಿಂಡಿಯಿಂದ ನೋಡಿದೆ. ಅತ್ತೆ ಬಕೆಟ್ಟು ಹಿಡಿದು ಗುಡ್ಡೆಯ ಸುತ್ತ ನಡೆಯುತ್ತ, ತಂಬಿಗೆಯಲ್ಲಿ ಮೊಗೆದು ಮೊಗೆದು, ತುಳಸಿಗೆ ಹಾಕುವಷ್ಟು ಜೋಪಾನವಾಗಿ ಚಿಮುಕಿಸುತ್ತಿದ್ದರು. ನೀರು ಹಾಲಿನಂತೆ ಬೆಳ್ಳಗಿತ್ತು.

"ಅತ್ತೆ, ಅದು ಯಾವ ನೀರು?"

"ಕೂಸಿನ್ ಬಟ್ಟೆ ಒಗ್ದಿದ್ದು ಕಣವ್ವ. ಬೋರಲ್ ನೀರು ಕಮ್ಮಿ ಬತ್ತಾದೆ, ಸುಮ್ಕೆ ಯಾಕ್ ಚೆಲ್ಲದು ಅಂತ ಮಡಗಿದ್ದೆ. ಚೊಕ್ಕಟ್ ನೀರು, ಔಷ್ದಿ ಆಕಿರದು."

ಈ ಮನೆಯಲ್ಲಿ ನೀರು ಚೆಲ್ಲುವುದಿಲ್ಲ. ಅಕ್ಕಿ ತೊಳೆದದ್ದು ಹಸುವಿಗೆ, ಪಾತ್ರೆ ತೊಳೆದದ್ದು ಬಾಳೆಗೆ, ಬಟ್ಟೆ ಒಗೆದದ್ದು ತಿಪ್ಪೆಗೆ. ಎರಡು ವರ್ಷ ನಾನೂ ಹಾಗೇ ಮಾಡಿದ್ದೇನೆ. ಮಗುವಿನ ಬಕೆಟ್ಟು ಬೇರೆ ಇಡಿ ಎಂದವಳೂ ನಾನೇ, ದಿನಾ ಒಂದು ಬಕೆಟ್ಟು ಹಾಕಿ ಎಂದವಳೂ ನಾನೇ. ಕ್ರಿಮಿ ಸಾಯಲಿ ಎಂದು ಬಾಟಲಿಯಿಂದ ಸುರಿದದ್ದು ಮುಚ್ಚಳದ ಲೆಕ್ಕದಲ್ಲಲ್ಲ, ಮನಸ್ಸಿಗೆ ಸಮಾಧಾನ ಆಗುವವರೆಗೆ.

"ಅತ್ತೆ, ಅದು ಕೊಲ್ಲೋ ನೀರು. ನಾವು ಬೆಳೆಸಬೇಕು ಅಂತಿರೋ ಜೀವಾನೇ ಅದು ಕೊಲ್ಲುತ್ತೆ." ದನಿ ಏರಿತ್ತು ಅಂತ ಕಾಣುತ್ತದೆ.

ಅತ್ತೆ ಬಕೆಟ್ಟು ಕೆಳಗಿಟ್ಟರು. ಬಗ್ಗಿ ನೀರನ್ನು ನೋಡಿದರು.

"ಕೊಲ್ಲೋ ನೀರ್‌ನಾ ಕೂಸಿನ್ ಬಟ್ಟೆಗ್ ಆಕ್ತಿದ್ಯಾ?"

ಅವರು ಕೊಂಕಾಡಿದ್ದಲ್ಲ. ಕೇಳಿದ್ದು.

ಜೂನ್ 7, ಶುಕ್ರವಾರ

ಬೃಂದಾಳ ತೊಡೆಸಂದಿಯಲ್ಲಿ, ಕುತ್ತಿಗೆಯಲ್ಲಿ ಕೆಂಪು. ಹುಣಸೂರಿಗೆ ಕರೆದುಕೊಂಡು ಹೋದೆವು. ಮಕ್ಕಳ ಡಾಕ್ಟರು ಬಟ್ಟೆ ಮೂಸಿ ನೋಡಿ, "ಏನಮ್ಮ, ಮಗೂನ ಆಪರೇಷನ್ ಥಿಯೇಟರಲ್ಲಿ ಮಲಗಿಸ್ತೀಯಾ?" ಎಂದರು. ಡೆಟಾಲ್ ಬೇಡವಂತೆ. ಸೋಪು, ಬಿಸಿಲು ಸಾಕಂತೆ.

ಅರ್ಧಕ್ಕೆ ಇಳಿಸುತ್ತೇನೆ.

ಮನೆಗೆ ಬಂದರೆ ಮಾವ, "ಮುಗೀತಾ ಬೂಷ್ಟಿನ್ ವ್ಯಾಪಾರ?" ಎಂದರು. ಅತ್ತೆ ಹೇಳಿರಲಾರರು. ಮರಮ್ಮ ಇರಬೇಕು. ಶುಂಠಿಗೆ ಮಣ್ಣು ಏರಿಸುವ ದಿನ ಹತ್ತಿರ ಬರುತ್ತಿದೆ. ಆಗ ಬುಡಕ್ಕೆ ಗೊಬ್ಬರ ಹೋಗದಿದ್ದರೆ ಮಳೆ ಹಿಡಿದುಕೊಂಡ ಮೇಲೆ ಹಾಕಿ ಏನು ಪ್ರಯೋಜನ? ಮೊದಲಿಂದ ಮಾಡಬೇಕು.

ಜೂನ್ 9, ಭಾನುವಾರ

ಮರಮ್ಮ ಮಗಳನ್ನು ನೋಡಲು ಬೀಚನಹಳ್ಳಿಗೆ ಹೋಗಿದ್ದಾಳೆ. ಪ್ರಸಾದ್‌ಗೆ ಹೊಗೆಸೊಪ್ಪಿನ ನಾಟಿ. ಉಳಿದವಳು ನಾನೊಬ್ಬಳೇ.

ಮಗುವನ್ನು ಅತ್ತೆಗೆ ಕೊಟ್ಟೆ.

ಕೊಡುವ ಮುಂಚೆ ಏನೇನು ಹೇಳಿದೆನೋ. ಕತ್ತು ಹೀಗೆ ಹಿಡೀರಿ, ಬಾಯಿಗೆ ಬಾಯಿ ಇಟ್ಟು ಮುತ್ತು ಕೊಡಬೇಡಿ, ಕೈ ಇನ್ನೊಂದು ಸಲ ತೊಳೀರಿ, ವಿಭೂತಿ ಮೂಗಿಗೆ ಹೋಗುತ್ತೆ. ಅತ್ತೆ ಎಲ್ಲಕ್ಕೂ ಹೂಂ ಎಂದರು. "ಎರಡ್ ಮಕ್ಕಳ್ನ ಸಾಕಿವ್ನಿ, ಒಂದ್ನ ನೀನೇ ಕಟ್ಕೊಂಡಿದ್ದೀಯ. ಓಗಿ ಬಾ."

ಹೊಸ ಜಾಗ, ಹೊಸ ಗುಡ್ಡೆ. ಗ್ಲೌಸು ಬೇವಿನ ಹಿಂಡಿ ಒಡೆಯುವಾಗಲೇ ಹರಿಯಿತು. ತೇವ ಎಷ್ಟಿದೆ ಎಂದು ನೋಡಲು ಒಂದು ಹಿಡಿ ಗೊಬ್ಬರ ಹಿಂಡಬೇಕು. ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಅದು ಹರಿದ ಗ್ಲೌಸಿನಲ್ಲಿ ಗೊತ್ತಾಗುವುದಿಲ್ಲ. ತೆಗೆದು ಬಿಸಾಡಿದೆ. ಗೊಬ್ಬರ ಕೈಗೆ ತಣ್ಣಗೆ, ಮೆತ್ತಗೆ ಇತ್ತು. ಎರೆಹುಳ ಒಂದು ಬೆರಳಿಗೆ ಸುತ್ತಿಕೊಂಡಿತು. ಒದರಿದೆ.

ಎರಡು ಸಲ ಓಡಿ ಹೋಗಿ ನೋಡಿ ಬಂದೆ. ಮೊದಲ ಸಲ ಬೃಂದಾ ಅತ್ತೆಯ ಕಾಲ ಮೇಲೆ ಮಲಗಿ ತೊಲೆ ನೋಡುತ್ತಿದ್ದಳು. ಎರಡನೇ ಸಲ ಹಣೆಗೆ ಮೂರು ಬೆರಳ ವಿಭೂತಿ ಬಂದಿತ್ತು, ನಿದ್ದೆ ಬಂದಿತ್ತು. ಕಿಟಕಿ ತೆರೆದಿತ್ತು. ಎಬ್ಬಿಸಿದಂತಾಗುತ್ತದೆ ಎಂದು ಮುಚ್ಚಲು ಹೋಗಲಿಲ್ಲ.

ಉಗುರಿನೊಳಗಿನ ಹಸಿರು ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಜೂನ್ 13

ಕೈಯ ಹಿಂಭಾಗ ಇಟ್ಟು ನೋಡಿದೆ. ಬೆಚ್ಚಗಿದೆ. ಹೆಚ್ಚು ಬಿಸಿಯಾದರೆ ಶಿಲೀಂಧ್ರ ಸಾಯುತ್ತದೆ. ಇದು ಹೆಚ್ಚೋ, ಸರಿಯೋ? ಮಧ್ಯಾಹ್ನ ಮತ್ತೆ ನೋಡಿದೆ. ಸಂಜೆ ಪ್ರಸಾದ್‌ಗೂ ತೋರಿಸಿದೆ. "ಗುಡ್ಡೆಗೂ ಥರ್ಮಾಮೀಟರ್ ಇಕ್ಬುಡು" ಎಂದರು. ಇಡಬೇಕೆಂದು ಆಗಲೇ ಅನ್ನಿಸಿತ್ತು, ಹೇಳಲಿಲ್ಲ.

ಬಟ್ಟೆ ಒಗೆಯುವುದು ಈಗ ಸೋಪಿನಲ್ಲಿ. ಆ ನೀರೂ ಗುಡ್ಡೆಗೆ ಬೇಡ ಎಂದಿದ್ದೇನೆ. ಅತ್ತೆ ಬಾವಿಯಿಂದಲೇ ಸೇದಿ ತಂದು ಹಾಕುತ್ತಿದ್ದಾರೆ. ನಾನು ಹೊತ್ತು ತರುತ್ತೇನೆಂದರೆ ಕೇಳುವುದಿಲ್ಲ.

ಜೂನ್ 22, ಶನಿವಾರ

ಬಂತು.

ಗೋಣಿ ಎತ್ತಿದರೆ ಕೆಳಗೆಲ್ಲ ಬಿಳಿ ಜೇಡರ ಬಲೆ ಹಾಸಿದ ಹಾಗೆ, ನಡುನಡುವೆ ಹಸಿರು. ಬೆಲ್ಲದ ಅಚ್ಚಿನ ಮೇಲೆ ಬರುವ ಬೂಷ್ಟಿನ ಹಸಿರಲ್ಲ, ಎಳೆ ಪೈರಿನ ಹಸಿರು. ಕೈ ತೂರಿಸಿ ಒಂದು ಹಿಡಿ ತೆಗೆದು ಮೂಸಿದೆ. ಮಣ್ಣಿಗೆ ಮೊದಲ ಮಳೆ ಬಿದ್ದ ವಾಸನೆ. ಅತ್ತೆಯನ್ನು ಕರೆದು ಅವರ ಮೂಗಿಗೂ ಹಿಡಿದೆ. ಮರಮ್ಮನ ಮೂಗಿಗೂ.

"ಬೂಷ್ಟು ಬಂತು ಅಂತ ಇಂಗ್ ಕುಣಿಯೋರ್ನ ಈಗ್ಲೇ ಕಣವ್ವ ನೋಡಿದ್ದು" ಎಂದಳು ಮರಮ್ಮ. "ನಮ್ಮನೇಲಿ ರಾಗಿ ಇಟ್ಟಿಗ್ ಬಂದದೆ, ತಂದ್ಕೊಡ್ಲಾ?"

ನಗು ಬಂತು. ಆಮೇಲೆ ಹೆದರಿಕೆ. ಗುಡ್ಡೆಯಲ್ಲಿ ಬೆಳೆದದ್ದು ಹೊಲದಲ್ಲಿ ಬೆಳೆಯುತ್ತದೆ ಅಂತ ಯಾರು ಹೇಳಿದರು?

ಜೂನ್ 26, ಬುಧವಾರ

ಕೆಳಗಿನ ಹೊಲಕ್ಕೆ ಗೊಬ್ಬರ ಹಾಕಿ ಮಣ್ಣು ಏರಿಸಿದೆವು. ನಾನು, ಮರಮ್ಮ, ಇನ್ನಿಬ್ಬರು ಹೆಂಗಸರು. ಪ್ರತಿ ಬುಡಕ್ಕೂ ಕೈಯಾರೆ ಹಾಕಿಸಿದೆ. ಅದೇ ಹೊತ್ತಿಗೆ ಮೇಲಿನ ಹೊಲದಲ್ಲಿ ಮಾವ ಡ್ರಮ್ಮಿನಲ್ಲಿ ಔಷಧಿ ಕಲಸುತ್ತಿದ್ದರು. ಗಾಳಿ ಬೀಸಿದಾಗ ಗಂಟಲು ಕೆರೆಯುವ ಘಾಟು. ಬದುವಿನ ಎರಡೂ ಕಡೆ ನಿಂತು ಒಬ್ಬರ ಕೆಲಸ ಒಬ್ಬರು ನೋಡಿದೆವು.

ಸಂಜೆ ಮಳೆ ಶುರುವಾಯಿತು.

ಜುಲೈ 16, ಮಂಗಳವಾರ

ಎಡೆಬಿಡದ ಮಳೆ. ಕಬಿನಿ ಅಣೆಕಟ್ಟು ತುಂಬಿದೆಯಂತೆ, ಜನ ಗುಂಪುಗಟ್ಟಿಕೊಂಡು ಬೀಚನಹಳ್ಳಿಗೆ ನೀರು ನೋಡಲು ಹೋಗುತ್ತಿದ್ದಾರೆ. ನಮ್ಮ ಮೇಲಿನ ಹೊಲದಲ್ಲಿ ಎಲೆಗಳ ತುದಿ ಹಳದಿ. ಮಾವ ಔಷಧಿ ಇನ್ನೊಂದು ಸಲ ಹುಯ್ದರು. ಹುಯ್ದ ಸಂಜೆಯೇ ಜಡಿಮಳೆ, ತೊಳೆದುಕೊಂಡು ಹೋಗಿರಬೇಕು.

ಅಲ್ಲಿಂದ ಹರಿದ ನೀರು ಎಲ್ಲಿಗೆ ಬರುತ್ತದೆ? ನನ್ನ ಹೊಲಕ್ಕೆ. ಅಲ್ಲಿಂದ ಬಾವಿ ಕಡೆಗೆ. ಮಲಗಿದರೆ ಕಣ್ಣ ಮುಂದೆ ನೀರು ಇಳಿಯುವ ದಾರಿಯೇ.

ಬೃಂದಾಗೆ ಆರು ತಿಂಗಳು ತುಂಬಿತು. ಅತ್ತೆ ರಾಗಿ ಮೊಳಕೆ ಕಟ್ಟಿ, ಹುರಿದು, ಬಟ್ಟೆಯಲ್ಲಿ ಜರಡಿ ಹಿಡಿದು ಸರಿ ಮಾಡಿದರು. ಮೊದಲ ತುತ್ತು ಅವರ ಬೆರಳಿಂದಲೇ ತಿಂದಳು. ಅರ್ಧ ಉಗಿದಳು.

ಜುಲೈ 19, ಶುಕ್ರವಾರ

ಕೆಳಗಿನ ಹೊಲಕ್ಕೂ ಬಂದಿದೆ.

ಮೇಲಿನಿಂದ ನೀರು ಇಳಿಯುವ ಮೂಲೆಯಲ್ಲಿ. ಎಲೆ ಹಳದಿ, ಬುಡ ಮೆತ್ತಗೆ, ಹಿಡಿದರೆ ಬಂದುಬಿಟ್ಟಿತು. ಗೆಡ್ಡೆಯಿಂದ ಆ ನಾತ. ನಾನು ನೋಡಿ ತಲೆ ಎತ್ತುವಷ್ಟರಲ್ಲಿ ಮಾವ ಬದುವಿನ ಮೇಲೆ ನಿಂತಿದ್ದರು. ಪ್ರಸಾದ್ ಕೈಲಿ ಡ್ರಮ್ಮು ಉರುಳಿಸಿಕೊಂಡು ಬಂದಿದ್ದರು.

"ಮಾತು ಮಾತೇ ಕಣವ್ವ" ಎಂದರು. "ಇವತ್ ಉಯ್ತೀನಿ."

"ಮಾವ, ಇದನ್ನ ಹುಯ್ದರೆ ಕೊಳೆ ತರೋದೂ ಸಾಯುತ್ತೆ, ನಾವು ಹಾಕಿದ್ದೂ ಸಾಯುತ್ತೆ. ಆಮೇಲೆ ಮಳೆಗೆ ಕೊಳೆ ಮೊದಲು ವಾಪಸ್ ಬರುತ್ತೆ, ನಮ್ಮದು ಬರಲ್ಲ. ಮೇಲಿನ ಹೊಲದಲ್ಲಿ ಆಗಿರೋದು ಅದೇ. ಕೊಳೆತ ಗಿಡ ಮಣ್ಣು ಸಮೇತ ತೆಗೀತೀನಿ. ಮೇಲಿನ ನೀರು ಇಳೀದಂಗೆ ಕಾಲುವೆ ತೋಡಿಸ್ತೀನಿ. ಗುಂಡಿಗೆ ಉಳಿದಿರೋ ಗೊಬ್ಬರ ತುಂಬ್ತೀನಿ. ಎರಡು ವಾರ ಕೊಡಿ."

"ಎರಡ್ ವಾರಕ್ಕೆ ಒಲಾನೇ ಇರಾಕಿಲ್ಲ."

"ಇರದಿದ್ದರೆ ನೀವು ಹೇಳಿದ ಹಾಗೆ."

ಕೈಗೆ ಬಂದ ಗಿಡವನ್ನು ಬೇರೆ ಸಾಲಿಗೆ ತಾಗದಂತೆ ಬದುವಿನ ಆಚೆ ಇಟ್ಟೆ.

ಹಿಂದೆ ಛತ್ರಿ ಹಿಡಿದು, ಮಗುವನ್ನು ಸೆರಗಿನೊಳಗೆ ಕಟ್ಟಿಕೊಂಡು ಅತ್ತೆ ಬಂದಿದ್ದರು. ಅವರು ಮಾವನಿಗೆ ಎದುರಾಡಿದ್ದನ್ನು ನಾನು ನೋಡಿದ್ದೇ ಇಲ್ಲ. "ಮೇಲಿನ ಒಲದಲ್ಲಿ ಎರಡ್ ಸಲ ಉಯ್ದು ಏನ್ ಕಿಸಿದ್ರಿ?" ಎಂದರು. "ಡ್ರಮ್ಮಿಗೇನ್ ಕಾಲ್ ಬಂದದಾ, ಎಲ್ಲೂ ಓಡೋಗಾಕಿಲ್ಲ. ಇಲ್ಲೇ ಇರ್ಲಿ ಬುಡಿ."

ಮಾವ ಹೆಂಡತಿಯನ್ನೂ ಡ್ರಮ್ಮನ್ನೂ ನೋಡಿದರು. ಮುಚ್ಚಳ ಬಿಗಿದು ಬದುವಿನ ಮೇಲೆ ನಿಲ್ಲಿಸಿ ಹೋದರು.

ಜುಲೈ 20, ಶನಿವಾರ

ಬೆಳಗಿನಿಂದ ಸಂಜೆವರೆಗೆ ಮೂಲೆ ಅಗೆದೆವು. ಕೊಳೆತದ್ದನ್ನು ಚೀಲಕ್ಕೆ ತುಂಬಿ, ದೂರದ ಗುಂಡಿಗೆ ಹಾಕಿ ಸುಣ್ಣ ಮುಚ್ಚಿದೆವು. ಮೇಲಿನ ನೀರು ಇಳಿಯದಂತೆ ಅಡ್ಡ ಕಾಲುವೆ ತೋಡಿದೆವು. ಮಂಚ ಹಾಕುವಷ್ಟು ಜಾಗ ಬೋಳಾಯಿತು. ಪಕ್ಕದ ಸಾಲಿನ ಗಿಡ ಚೆನ್ನಾಗಿದ್ದವು, ಆದರೂ ಒಂದೊಂದನ್ನೇ ದಿಟ್ಟಿಸಿದರೆ ಎಲ್ಲವೂ ಹಳದಿಯೇ ಅನ್ನಿಸುತ್ತಿತ್ತು. ಉಳಿದ ಗೊಬ್ಬರವನ್ನೆಲ್ಲ ಸುರಿದೆ.

ಹಾಲು ಕುಡಿಸಲು ಅತ್ತೆ ಮಗುವನ್ನು ಬದುವಿಗೇ ಕರೆತಂದರು. ಕೈ ಬಾವಿ ನೀರಲ್ಲಿ ಅದ್ದಿ ತೊಳೆದೆ. ಬೃಂದಾ ನನ್ನ ಹೆಬ್ಬೆರಳು ಹಿಡಿದು ಚೀಪಿದಳು. ತುಂಬ ಹಸಿದಿದ್ದಳು.

ಜುಲೈ 23

ಮಳೆ. ಬದುವಿನ ಮೇಲಿಂದ ನೋಡಿ ಬಂದೆ.

ಜುಲೈ 24, ಬುಧವಾರ

ಬೋಳು ಜಾಗದ ಅಂಚಿನಲ್ಲಿ ಒಂದು ಗಿಡದ ಎಲೆ ಹಳದಿ ತಿರುಗಿದೆ. ಡ್ರಮ್ಮು ಅಲ್ಲೇ ನಿಂತಿದೆ, ಮಳೆಯಲ್ಲಿ ತೊಳೆದು ನೀಲಿ ಹೊಳೆಯುತ್ತಿದೆ.

"ಪಕ್ಕದ್ ಗಿಡ ಎಳ್ದು ನೋಡನ, ಬುಡಕ್ ಬಂದದಾ ಅಂತ" ಎಂದರು ಪ್ರಸಾದ್.

"ಬೇಡ. ಎಳೆದರೆ ಬೇರು ಹರಿಯುತ್ತೆ. ಹರಿದ ಕಡೆಯಿಂದಲೇ ಕೊಳೆ ಒಳಗೆ ಹೋಗೋದು."

"ಅಂಗಾರೆ ಎಂಗ್ ಗೊತ್ತಾಗದು?"

"ಗೊತ್ತಾಗಲ್ಲ. ಕಾಯಬೇಕು."

ಪ್ರಸಾದ್ ನನ್ನ ಮುಖವನ್ನೇ ನೋಡಿದರು. ಏನು ಎಂದೆ. ಏನಿಲ್ಲ ಎಂದರು.

ಜುಲೈ 27

ಅಮ್ಮ ಫೋನ್ ಮಾಡಿದ್ದಳು. ಮಗುವಿನ ತೂಕ ಕೇಳಿದಳು. ನೋಡಿ ಹೇಳುತ್ತೇನೆ ಎಂದೆ. ಮರೆತೆ. ನಾಳೆ ಹೇಳಬೇಕು.

ಆ ಒಂದು ಗಿಡ ಬಿದ್ದಿದೆ. ಅದರಾಚೆಯವು ನಿಂತಿವೆ.

ಆಗಸ್ಟ್ 1

ನಿಂತಿವೆ. ಬರೆಯಲು ಹೆದರಿಕೆ.

ಆಗಸ್ಟ್ 4, ಭಾನುವಾರ

ಇವತ್ತು ಭೀಮನ ಅಮಾವಾಸ್ಯೆ. ಪೂಜೆ ಮುಗಿಸಿ, ಎರಡು ವಾರ ಆಯಿತೆಂದು ಮಾವನೇ ಗುದ್ದಲಿ ತೆಗೆದುಕೊಂಡರು. ಎಲ್ಲರೂ ಹಿಂದೆ ಹೋದೆವು. ಮಳೆ ಬಿಟ್ಟಿತ್ತು.

ಮೊದಲು ಮೇಲಿನ ಹೊಲ. ಕೊಳೆ ನಡುವಿಗೆ ಬಂದಿತ್ತು. ಸಾಲುಸಾಲೇ ಮಲಗಿದ್ದವು. ಮಾವ ನಿಲ್ಲದೆ ದಾಟಿ ಬಂದರು.

ಕೆಳಗಿನ ಹೊಲದಲ್ಲಿ ಬಿದ್ದದ್ದು ಆ ಮೂಲೆ ಮತ್ತು ಆ ಒಂದು ಗಿಡ. ಮಾವ ಅದರ ಪಕ್ಕದ ಗಿಡಕ್ಕೆ ಗುದ್ದಲಿ ಹಾಕಿದರು. ನಾನು ಬೇಡ ಎನ್ನಲಿಲ್ಲ, ಇವತ್ತು ನೋಡಲೇಬೇಕಿತ್ತು. ಮಣ್ಣು ಒದರಿ ಗೆಡ್ಡೆ ಕೈಗೆತ್ತಿಕೊಂಡರು. ಗಟ್ಟಿಯಾಗಿತ್ತು. ಬಿಳಿ ಬೇರು ಗೊಂಚಲಾಗಿ ಗೊಬ್ಬರದ ಉಂಡೆಯನ್ನು ಬಿಗಿದು ಹಿಡಿದಿತ್ತು. ಉಗುರಿಂದ ಸಿಪ್ಪೆ ಕೆರೆದು ಮೂಸಿದರು. ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಾವೆಲ್ಲ ಅವರ ದವಡೆ ನೋಡುತ್ತ ನಿಂತೆವು. ಇನ್ನೊಂದು ಗಿಡ ಅಗೆದರು. ಅದೂ ಹಾಗೇ.

"ಮಳೆ ಬುಟ್ಟದೆ, ಅದ್ಕೆ ನಿಂತದೆ" ಎಂದರು.

ಇರಬಹುದು. ನನಗೂ ಹಾಗೇ ಅನ್ನಿಸಿತ್ತು. ಒಂದು ಹೊಲ, ಒಂದು ಮಳೆಗಾಲ ನೋಡಿ ಖಂಡಿತವಾಗಿ ಏನೂ ಹೇಳಲಾಗುವುದಿಲ್ಲ. "ಇರಬಹುದು ಮಾವ" ಎಂದೆ.

"ಮೇಲಿನ ಒಲಕ್ಕೇನ್ ಬೇರೆ ಮಳೆಯಾ?" ಎಂದರು ಅತ್ತೆ.

ಮಾವ ಗೆಡ್ಡೆಯನ್ನು ಪಂಚೆಯ ಮಡಿಲಿಗೆ ಹಾಕಿಕೊಂಡು ಬದುವಿನ ಕಡೆ ನಡೆದರು. ಡ್ರಮ್ಮಿಗೆ ಕಾಲಿಂದ ತಟ್ಟಿ ಪ್ರಸಾದ್‌ನ ಮೇಲೆ ರೇಗಿದರು: "ಇದ್ನ ಯಾಕ್ಲಾ ಇಲ್ಲಿ ಮಡಗಿದ್ದೀಯ, ದಾರಿಗ್ ಅಡ್ಡ? ಮೇಲಕ್ ತಕ್ಕೊಂಡೋಗು." ಸ್ವಲ್ಪ ದೂರ ಹೋಗಿ ತಿರುಗದೆಯೇ ಹೇಳಿದರು: "ಗುತ್ಗೆಯೋರ್ಗೆ ಮೇಲಿಂದ್ ಒಂದೇ ಅಂತ ಏಳ್ತೀನಿ. ಬಾವಿ ಪಕ್ಕದ್ದು ಬ್ಯಾಡ."

ಪ್ರಸಾದ್ ಡ್ರಮ್ಮು ಉರುಳಿಸುತ್ತ ಬೆವರಿದರು. ಪಾದಪೂಜೆ ಮಾಡಿಸಿಕೊಂಡ ದಿನವೇ ಈ ಗತಿ ಎಂದು ಮರಮ್ಮ ಆಡಿಕೊಂಡಳು.

ಮಣ್ಣು ಎರಡನೇ ಸಲ ಏರಿಸುವುದಕ್ಕೆ ಮತ್ತೆ ಗೊಬ್ಬರ ಬೇಕು. ಮಾವ ಮೇಲಿನ ಹೊಲದಲ್ಲಿ ಉಳಿದದ್ದಕ್ಕೂ ಕೇಳಬಹುದು, ಬಾಯಿ ಬಿಟ್ಟು ಕೇಳುವುದಿಲ್ಲ, ಆದರೂ ಮಾಡಿಡಬೇಕು. ಆದರೆ ಬೇವಿನ ಹಿಂಡಿ ಮುಗಿದಿದೆ, ಕೊಪ್ಪದ ಸಂತೆಗೆ ಹೇಳಿ ತರಿಸಬೇಕು. ಸಗಣಿ ಸಾಲದು, ಪಕ್ಕದ ಮನೆಯವರನ್ನು ಕೇಳಬೇಕು. ಗುಡ್ಡೆ ಎರಡು ಹಾಕುವುದೇ ಒಳ್ಳೆಯದು, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಈ ತಿಂಗಳೂ ಮಳೆ ಜೋರಾದರೆ? ಆ ಕಾಲುವೆ ಇನ್ನೂ ಆಳ ಮಾಡಬೇಕು.

ಬೃಂದಾ ಹೊಲದಲ್ಲಿ ಯಾರ ಹತ್ತಿರ ಇದ್ದಳು ಎಂದು ಬರೆಯಲು ಹೋದೆ. ಹೊರಡುವಾಗ ಅತ್ತೆ ಎತ್ತಿಕೊಂಡಿದ್ದರು. ಅಗೆಯುವಾಗ ಅತ್ತೆಯ ಕೈ ಖಾಲಿ ಇತ್ತು, ಅಂದರೆ ಮರಮ್ಮ ಇರಬೇಕು. ಆಮೇಲೆ ಗೊತ್ತಿಲ್ಲ. ಈಗ ತೆರೆದ ಕಿಟಕಿಯ ಗಾಳಿಗೆ ಕೈಕಾಲು ಚೆಲ್ಲಿ ಮಲಗಿದ್ದಾಳೆ. ಅಂಗಾಲಿನಲ್ಲಿ ಕೆಮ್ಮಣ್ಣು ಒಣಗಿ ಅಂಟಿದೆ. ಯಾರೋ ಹೊಲದಲ್ಲಿ ನಿಲ್ಲಿಸಿ ಆಡಿಸಿದ್ದಾರೆ. ಒರೆಸಿದರೆ ಎದ್ದುಬಿಡುತ್ತಾಳೆ. ಎದ್ದ ಮೇಲೆ ಒರೆಸಿದರಾಯಿತು.